ಅಮ್ಮನ ಸ್ಕ್ಯಾನಿಂಗ್‌ನಲ್ಲಿ ಸಿಸ್ಟ್ ಕಂಡಾಗ: ಕಾಯುವುದೋ, ಆಪರೇಷನ್ನೋ, ಯಾರ ಹತ್ತಿರ ಹೋಗುವುದೋ

ಪಿತ್ತಕೋಶದಲ್ಲಿ ಕಲ್ಲು ಇದೆಯಾ ನೋಡೋಣ ಅಂತ ಅಮ್ಮನಿಗೆ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸುತ್ತೀರಿ. ಕಲ್ಲು ಇರುವುದಿಲ್ಲ. ಆದರೆ ರಿಪೋರ್ಟ್‌ನ ಕೊನೆಯಲ್ಲಿ, ಎಡಗಡೆ ಅಂಡಾಶಯದಲ್ಲಿ ಸಿಸ್ಟ್, ಅಂದರೆ ನೀರಿನ ಚೀಲದಂಥ ಗಂಟು, ಇದೆ ಅಂತ ಒಂದು ಸಾಲು ಇರುತ್ತದೆ. ಅಮ್ಮನಿಗೆ ಮುಟ್ಟು ನಿಂತು ಎಷ್ಟೋ ವರ್ಷ ಆಗಿದೆ. ಅಲ್ಲಿಂದ ಶುರುವಾಗುತ್ತದೆ ಚಿಂತೆ. ಒಬ್ಬ ಡಾಕ್ಟರ್ ‘ಏನೂ ಆಗಲ್ಲ, ನಾಲ್ಕು ತಿಂಗಳು ಬಿಟ್ಟು ಬನ್ನಿ’ ಅನ್ನುತ್ತಾರೆ. ಇನ್ನೊಬ್ಬರು ‘ಈ ವಯಸ್ಸಲ್ಲಿ ಯಾಕೆ ರಿಸ್ಕು, ಗರ್ಭಕೋಶ ಸಮೇತ ತೆಗೆಸಿಬಿಡಿ’ ಅನ್ನುತ್ತಾರೆ. ನೆಂಟರಲ್ಲಿ ಒಬ್ಬರು ನೇರವಾಗಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಕರ್ಕೊಂಡು ಹೋಗಿ ಅನ್ನುತ್ತಾರೆ. ಮೂವರೂ ಒಳ್ಳೆಯದಕ್ಕೇ ಹೇಳುತ್ತಿರುತ್ತಾರೆ. ಮೂರು ಮಾತೂ ಸರಿ ಇರಬಹುದು, ಆದರೆ ಬೇರೆ ಬೇರೆ ತರಹದ ಸಿಸ್ಟ್‌ಗೆ.

ನಾನು ಡಾಕ್ಟರ್ ಅಲ್ಲ. ಅಮ್ಮನ ಜೊತೆ ಈ ವಿಷಯಕ್ಕೆ ಓಡಾಡಿದ ಮಗಳು. ಡಾಕ್ಟರ್ ಮುಂದೆ ಕೂತಾಗ ಏನು ಕೇಳಬೇಕು, ಯಾವ ದಾರಿ ಯಾವಾಗ ಸರಿ ಅನ್ನುವುದು ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಿಸ್ಟ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಒಳಗೆ ಹೇಗೆ ಕಾಣುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಬರೀ ನೀರು ತುಂಬಿದ ಚಿಕ್ಕ ಸಿಸ್ಟ್ ಆದರೆ ಅವಸರ ಬೇಡ. ಒಳಗೆ ಗಟ್ಟಿ ಭಾಗ ಇದ್ದರೆ ಒಂದು ವಾರವೂ ಸುಮ್ನೆ ಕಳೆಯಬೇಡಿ, ಮತ್ತು ಸರಿಯಾದ ಸರ್ಜನ್ ಹತ್ತಿರವೇ ಹೋಗಿ.

ರಿಪೋರ್ಟ್‌ಗಿಂತ ಮೊದಲು ಅಮ್ಮನನ್ನು ಕೇಳಿ

ನಮ್ಮ ಕಡೆ ಹೊಟ್ಟೆಯ ಎಲ್ಲ ತೊಂದರೆಗೂ ಒಂದೇ ಹೆಸರು, ಗ್ಯಾಸ್ಟ್ರಿಕ್. ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ಎರಡು ತುತ್ತಿಗೇ ಸಾಕು ಅನ್ನಿಸಿದರೂ ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ನುಂಗಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಅಂಡಾಶಯದ ಕ್ಯಾನ್ಸರ್ ಬಹಳ ಸಲ ಕಾಣಿಸಿಕೊಳ್ಳುವುದು ಇದೇ ರೂಪದಲ್ಲಿ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಇದನ್ನೇ ಒತ್ತಿ ಹೇಳುತ್ತದೆ. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಕೆಳಹೊಟ್ಟೆ ನೋವು, ಪದೇ ಪದೇ ಅವಸರವಾಗಿ ಮೂತ್ರಕ್ಕೆ ಹೋಗಬೇಕೆನಿಸುವುದು, ಇವು ಬಿಡದೆ ಕಾಡುತ್ತಿದ್ದರೆ, ಅದರಲ್ಲೂ ತಿಂಗಳಿಗೆ 12 ಸಲಕ್ಕಿಂತ ಜಾಸ್ತಿ ಬರುತ್ತಿದ್ದರೆ, 50 ದಾಟಿದ ಹೆಂಗಸಿಗೆ ಪರೀಕ್ಷೆ ಮಾಡಿಸಲೇಬೇಕು. 50ರ ನಂತರ ಮೊದಲ ಸಲ ಶುರುವಾದ ಹೊಟ್ಟೆಯ ತೊಂದರೆಯನ್ನು ಐಬಿಎಸ್, ಅಂದರೆ ಕರುಳು ಕೆರಳುವ ತೊಂದರೆ, ಅಂತ ಬರೆದು ಕಳಿಸಿದರೆ ಒಪ್ಪಿಕೊಂಡು ಸುಮ್ಮನಿರಬೇಡಿ. ಆ ವಯಸ್ಸಲ್ಲಿ ಐಬಿಎಸ್ ಹೊಸದಾಗಿ ಶುರುವಾಗುವುದು ಅಪರೂಪ.

ಮಗ ಕೇಳಿದರೆ ಅಮ್ಮ ‘ಏನಿಲ್ಲಪ್ಪ’ ಅಂದುಬಿಡುತ್ತಾರೆ. ಮಗಳೋ, ಸೊಸೆಯೋ, ಚಿಕ್ಕಮ್ಮನೋ ಒಬ್ಬರೇ ಇದ್ದಾಗ ಕೇಳಿದರೆ ಬಾಯಿ ಬಿಡುತ್ತಾರೆ. ಪ್ರಶ್ನೆಯೂ ನೇರವಾಗಿ ಬೇಡ. ‘ಲಂಗದ ಲಾಡಿ ಈಚೆಗೆ ಬಿಗಿ ಆಗ್ತಿದೆಯಾ?’ ಅಂತ ಕೇಳಿ. ಕೈಕಾಲು ಸಣ್ಣಗಾಗುತ್ತಾ ಹೊಟ್ಟೆ ಮಾತ್ರ ಮುಂದೆ ಬರುತ್ತಿದ್ದರೆ ಅದು ವಯಸ್ಸಿನ ಹೊಟ್ಟೆ ಅಲ್ಲದೆ ಇರಬಹುದು.

ಜೊತೆಗೆ ಮನೆತನದ ವಿಷಯ. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅಮ್ಮನ ಸೋದರತ್ತೆ, ಇವರಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತಾ? ‘ಹೊಟ್ಟೇಲಿ ಗೆಡ್ಡೆ ಆಗಿ ಹೋದ್ರು’ ಅನ್ನುವ ಹಳೆಯ ಮಾತನ್ನೂ ಬರೆದಿಟ್ಟುಕೊಳ್ಳಿ. ಬಿಆರ್‌ಸಿಎ ಅನ್ನುವ ಜೀನ್‌ನಲ್ಲಿ ದೋಷ ಇರುವ ಮನೆತನಗಳಲ್ಲಿ ಈ ಕ್ಯಾನ್ಸರ್‌ನ ಸಾಧ್ಯತೆ ಬಹಳ ಜಾಸ್ತಿ. ಅಂಥ ಮನೆತನವಾದರೆ ಈ ಬರಹದಲ್ಲಿ ‘ಕಾಯಬಹುದು’ ಅಂತ ಹೇಳಿರುವ ಕಡೆಯೆಲ್ಲ ನೀವು ಒಮ್ಮೆ ಕ್ಯಾನ್ಸರ್ ತಜ್ಞರನ್ನು ಕೇಳಿಯೇ ಮುಂದುವರಿಯಬೇಕು. ಅಮ್ಮನಿಗೆ ಮೊದಲು ಸ್ತನ ಕ್ಯಾನ್ಸರ್ ಆಗಿದ್ದರೆ, ಅದಕ್ಕೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಆ ಮಾತನ್ನು ಡಾಕ್ಟರಿಗೆ ಮೊದಲೇ ಹೇಳಿ.

ಯಾವ ಸ್ಕ್ಯಾನ್?

ಹೆಚ್ಚಿನವರ ಕೈಯಲ್ಲಿರುವುದು ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಮಾಡಿದ ಸ್ಕ್ಯಾನಿಂಗ್‌ನ ರಿಪೋರ್ಟ್. ಸಿಸ್ಟ್ ಇದೆ ಅಂತ ತಿಳಿಯಲು ಅದು ಸಾಕು. ಅದು ಎಂಥದ್ದು ಅಂತ ತೀರ್ಮಾನಿಸಲು ಬಹಳ ಸಲ ಸಾಲದು. ಯೋನಿಯ ಮೂಲಕ ಒಳಗಿನಿಂದ ಮಾಡುವ ಸ್ಕ್ಯಾನ್, ಅಂದರೆ ಟಿವಿಎಸ್, ಅಂಡಾಶಯವನ್ನು ಹತ್ತಿರದಿಂದ ತೋರಿಸುತ್ತದೆ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಮಬ್ಬಾಗಿ ಕಂಡ ಗೋಡೆ, ಪರದೆ, ಸಣ್ಣ ಗಂಟು ಇದರಲ್ಲಿ ಸ್ಪಷ್ಟ. ಆಪರೇಷನ್ ಮಾತು ಬರುವ ಮೊದಲು ಟಿವಿಎಸ್ ಆಗಿದೆಯಾ ಅಂತ ಕೇಳಿ. ಸಿಸ್ಟ್ ತೀರ ದೊಡ್ಡದಾಗಿ ಮೇಲಕ್ಕೆ ಹೋಗಿದ್ದರೆ ಎರಡೂ ಬೇಕಾಗುತ್ತದೆ.

ಅಮ್ಮನಿಗೆ ಇದನ್ನು ಮೊದಲೇ ಬಿಡಿಸಿ ಹೇಳುವುದು ನಮ್ಮ ಕೆಲಸ. ಏನೂ ತಿಳಿಸದೆ ಕರೆದುಕೊಂಡು ಹೋದರೆ ಅಲ್ಲಿ ಗಾಬರಿಯಾಗಿ ‘ಬೇಡ’ ಅಂದು ಎದ್ದು ಬಂದುಬಿಡುತ್ತಾರೆ. ಹೊಟ್ಟೆಯ ಸ್ಕ್ಯಾನಿಗೆ ನೀರು ಕುಡಿದು ಮೂತ್ರ ತಡೆದಿರಬೇಕು, ಇದಕ್ಕೆ ಮೂತ್ರ ಮಾಡಿ ಬರಬೇಕು. ವಯಸ್ಸಾದವರಿಗೆ ಒಳಗೆ ಒಣಗಿರುವುದರಿಂದ ಸ್ವಲ್ಪ ಉರಿ ಆಗಬಹುದು. ಜೆಲ್ ಜಾಸ್ತಿ ಹಾಕಿ, ನಿಧಾನ ಮಾಡಿ ಅಂತ ಕೇಳಬಹುದು. ಮಹಿಳಾ ಡಾಕ್ಟರ್ ಇರುವ ದಿನವನ್ನು ಫೋನ್ ಮಾಡಿ ತಿಳಿದುಕೊಂಡು ಹೋಗಬಹುದು.

ಎಂಆರ್‌ಐ ಎಲ್ಲರಿಗೂ ಬೇಡ. ಟಿವಿಎಸ್‌ನಲ್ಲಿ ಇದು ಹೀಗೋ ಹಾಗೋ ಅಂತ ಅನುಮಾನ ಉಳಿದಾಗ ಅದು ಕೆಲಸಕ್ಕೆ ಬರುತ್ತದೆ. ಕ್ಯಾನ್ಸರ್ ಇರಬಹುದು ಅನ್ನುವ ಅನುಮಾನ ಬಲವಾದಾಗ, ಹೊಟ್ಟೆಯಲ್ಲಿ ಬೇರೆಲ್ಲಾದರೂ ಹರಡಿದೆಯಾ ನೋಡಲು ಸಿ.ಟಿ. ಸ್ಕ್ಯಾನ್. ಸಿಸ್ಟ್‌ನ ಗುಣ ಹೇಳುವುದರಲ್ಲಿ ಸಿ.ಟಿ. ಅಷ್ಟು ಚುರುಕಲ್ಲ. ಆದ್ದರಿಂದ ‘ಸೇಫ್ಟಿಗೆ ಒಂದು ಸಿ.ಟಿ. ಮಾಡಿಸಿಬಿಡೋಣ’ ಅನ್ನುವುದರಲ್ಲಿ ಅರ್ಥವಿಲ್ಲ.

ರಿಪೋರ್ಟ್‌ನ ಭಾಷೆ

ನಮ್ಮಮ್ಮನ ರಿಪೋರ್ಟ್‌ನಲ್ಲಿ 38 × 34 ಎಂ.ಎಂ. ಅಂತ ಇತ್ತು. ಮಾವ ಅದನ್ನು ಫೋನಿನಲ್ಲಿ 38 ಸೆಂಟಿಮೀಟರ್ ಅಂತ ಓದಿ ಹೇಳಿದರು. ಅರ್ಧ ದಿನ ಮನೆಯೆಲ್ಲ ಗಾಬರಿ. 38 ಎಂ.ಎಂ. ಅಂದರೆ 3.8 ಸೆಂ.ಮೀ., ಒಂದು ದೊಡ್ಡ ನೆಲ್ಲಿಕಾಯಿಯಷ್ಟು. ಮೊದಲು ಎಂ.ಎಂ. ಇದೆಯೋ ಸೆಂ.ಮೀ. ಇದೆಯೋ ನೋಡಿ.

ಆಮೇಲೆ ಪದಗಳು. ‘ಸಿಂಪಲ್’, ‘ಆನೆಕೋಯಿಕ್’, ‘ಯೂನಿಲಾಕ್ಯುಲರ್’, ‘ಥಿನ್ ವಾಲ್’ ಅಂತ ಬರೆದಿದ್ದರೆ ತೆಳು ಗೋಡೆಯ ಒಂದೇ ಚೀಲ, ಒಳಗೆ ಬರೀ ತಿಳಿ ನೀರು ಅಂತ ಅರ್ಥ. ಇದು ಸಮಾಧಾನದ ಮಾತು. ‘ಮಲ್ಟಿಲಾಕ್ಯುಲರ್’ ಅಂದರೆ ಒಳಗೆ ಕೋಣೆ ಕೋಣೆಯಾಗಿದೆ. ‘ಸೆಪ್ಟೇಷನ್’ ಅಂದರೆ ನಡುವೆ ಪರದೆ. ತೆಳು ಪರದೆಗಿಂತ ದಪ್ಪ ಪರದೆಗೆ ಜಾಸ್ತಿ ಗಮನ ಬೇಕು. ‘ಸಾಲಿಡ್ ಕಾಂಪೊನೆಂಟ್’ ಅಂದರೆ ಗಟ್ಟಿ ಭಾಗ, ‘ಪ್ಯಾಪಿಲರಿ ಪ್ರೊಜೆಕ್ಷನ್’ ಅಂದರೆ ಗೋಡೆಯಿಂದ ಒಳಕ್ಕೆ ಚಾಚಿದ ಸಣ್ಣ ಗಂಟು, ಆ ಗಟ್ಟಿ ಭಾಗದಲ್ಲಿ ರಕ್ತದ ಓಡಾಟ, ‘ಅಸೈಟಿಸ್’ ಅಂದರೆ ಹೊಟ್ಟೆಯಲ್ಲಿ ನೀರು, ಎರಡೂ ಕಡೆ ಸಿಸ್ಟ್, ಇವು ಇದ್ದರೆ ಕಾಯುವ ಮಾತೇ ಬೇಡ.

ಈಚೆಗೆ ಕೆಲವು ರಿಪೋರ್ಟ್‌ಗಳಲ್ಲಿ ‘ಓ-ರಾಡ್ಸ್’ ಅಂತ ಒಂದು ಅಂಕಿಯೂ ಇರುತ್ತದೆ. 2 ಅಂದರೆ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. 3 ಅಂದರೆ ಒಂದರಿಂದ ಹತ್ತರೊಳಗೆ. 4 ಅಂದರೆ ಹತ್ತರಿಂದ ಐವತ್ತರೊಳಗೆ. 5 ಅಂದರೆ ಐವತ್ತು ಅಥವಾ ಅದಕ್ಕಿಂತ ಜಾಸ್ತಿ. ರಿಪೋರ್ಟ್‌ನಲ್ಲಿ ಇದು ಇಲ್ಲದಿದ್ದರೆ ಸ್ಕ್ಯಾನ್ ಮಾಡಿದ ಡಾಕ್ಟರನ್ನೇ ಕೇಳಿ. ಒಳ್ಳೆಯ ರೇಡಿಯಾಲಜಿಸ್ಟ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಿಎ-125: ಎಷ್ಟು ನಂಬಬೇಕು?

ಅಂಡಾಶಯದ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನನ್ನು ಅಳೆಯುವ ಈ ರಕ್ತಪರೀಕ್ಷೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಮನೆಗಳಲ್ಲಿ ನಿದ್ದೆ ಕೆಡಿಸುವುದು ಇದರ ಅಂಕಿಯೇ. ಸಾಮಾನ್ಯವಾಗಿ 35ರ ಒಳಗಿದ್ದರೆ ನಾರ್ಮಲ್ ಅನ್ನುತ್ತಾರೆ. 35 ದಾಟಿದರೆ ಕ್ಯಾನ್ಸರ್ ಅಂತ ಅಲ್ಲ. ಫೈಬ್ರಾಯ್ಡ್ ಅನ್ನುವ ಗರ್ಭಕೋಶದ ಗೆಡ್ಡೆ, ಲಿವರ್ ತೊಂದರೆ, ಹೃದಯದ ತೊಂದರೆ, ಯಾವುದರಿಂದಲೂ ಏರುತ್ತದೆ. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಹೊಟ್ಟೆಯ ಟಿ.ಬಿ. ಹೊಟ್ಟೆಯಲ್ಲಿ ನೀರು, ತೂಕ ಇಳಿಕೆ, ಸಿಎ-125 ನೂರಾರು, ನೋಡಲು ಪೂರ್ತಿ ಅಂಡಾಶಯದ ಕ್ಯಾನ್ಸರಿನ ಹಾಗೇ ಇರುತ್ತದೆ. ಆದರೆ ಮಾತ್ರೆಯಲ್ಲಿ ವಾಸಿಯಾಗುವ ಟಿ.ಬಿ. ಆಗಿರಬಹುದು. ಅದಕ್ಕೇ ಬಯಾಪ್ಸಿ (ತುಣುಕು ತೆಗೆದು ಮಾಡುವ ಪರೀಕ್ಷೆ) ಅಥವಾ ಹೊಟ್ಟೆಯ ನೀರಿನ ಪರೀಕ್ಷೆ ಆಗುವ ಮೊದಲು ಯಾರೂ ಅಮ್ಮನ ಮೇಲೆ ಕ್ಯಾನ್ಸರ್ ಅನ್ನುವ ಹೆಸರು ಹಚ್ಚಬಾರದು.

ಉಲ್ಟಾ ಮಾತೂ ಅಷ್ಟೇ ನಿಜ. ಅಂಡಾಶಯದ ಕ್ಯಾನ್ಸರ್ ಮೊದಲ ಹಂತದಲ್ಲಿ ಇದ್ದಾಗ ಸುಮಾರು ಅರ್ಧದಷ್ಟು ಹೆಂಗಸರಲ್ಲಿ ಮಾತ್ರ ಈ ಅಂಕಿ ಏರಿರುತ್ತದೆ. ಸ್ಕ್ಯಾನ್‌ನಲ್ಲಿ ಗಟ್ಟಿ ಭಾಗ ಕಾಣುತ್ತಿದೆ, ಸಿಎ-125 ಬರೀ 18 ಇದೆ ಅಂತ ನೆಮ್ಮದಿಯಾಗಿ ಕೂರಬೇಡಿ.

ಮುಟ್ಟು ನಿಂತವರಲ್ಲಿ ಸ್ಕ್ಯಾನ್ ಮತ್ತು ಸಿಎ-125 ಎರಡನ್ನೂ ಸೇರಿಸಿ ನೋಡುವ ಒಂದು ಲೆಕ್ಕ ಇದೆ. ಹೆಸರು ಆರ್‌ಎಂಐ. 1990ರಲ್ಲಿ ಬ್ರಿಟನ್ನಿನಲ್ಲಿ ಬಂದದ್ದು, ಈಗಲೂ ಬಳಕೆಯಲ್ಲಿದೆ. ಕೋಣೆಗಳು, ಗಟ್ಟಿ ಭಾಗ, ಎರಡೂ ಕಡೆ ಇರುವುದು, ಹೊಟ್ಟೆಯಲ್ಲಿ ನೀರು, ಬೇರೆಡೆ ಹರಡಿರುವುದು, ಸ್ಕ್ಯಾನ್‌ನಲ್ಲಿ ಇವುಗಳಲ್ಲಿ ಒಂದೂ ಇಲ್ಲದಿದ್ದರೆ 0, ಒಂದಿದ್ದರೆ 1, ಎರಡು ಅಥವಾ ಜಾಸ್ತಿ ಇದ್ದರೆ 3. ಮುಟ್ಟು ನಿಂತಿದ್ದಕ್ಕೆ 3. ಇವೆರಡನ್ನೂ ಸಿಎ-125 ಅಂಕಿಯ ಜೊತೆ ಗುಣಿಸಬೇಕು. ಒಂದೇ ಲಕ್ಷಣ ಇದ್ದು ಸಿಎ-125 40 ಇದ್ದರೆ, 1 × 3 × 40, ಅಂದರೆ 120. ಎರಡು ಲಕ್ಷಣ ಇದ್ದು 70 ಇದ್ದರೆ 3 × 3 × 70, ಅಂದರೆ 630. ಬ್ರಿಟನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜಿನ 2016ರ ಮಾರ್ಗಸೂಚಿ 200 ಅನ್ನು ಗೆರೆಯಾಗಿ ಇಟ್ಟುಕೊಂಡಿದೆ. 200ಕ್ಕೆ ಬಂದರೆ ಸಿ.ಟಿ. ಮಾಡಿಸಿ ಕ್ಯಾನ್ಸರ್ ತಂಡದ ಮುಂದೆ ಇಡಬೇಕು. ಈ ಲೆಕ್ಕವನ್ನು ಮನೆಯಲ್ಲೇ ಹಾಕಿ ತೀರ್ಮಾನ ಮಾಡಿ ಅಂತ ನಾನು ಹೇಳುತ್ತಿಲ್ಲ. ‘ಡಾಕ್ಟ್ರೇ, ಅಮ್ಮಂದು ಆರ್‌ಎಂಐ ಎಷ್ಟಾಗುತ್ತೆ?’ ಅಂತ ಕೇಳಿದರೆ ಮಾತುಕತೆ ಸರಿಯಾದ ಜಾಗಕ್ಕೆ ಬರುತ್ತದೆ.

ಮಾಸ್ಟರ್ ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಯಾವ ತೊಂದರೆಯೂ ಇಲ್ಲದವರಿಗೆ ಸಿಎ-125 ಮಾಡುತ್ತಾರೆ. ಅದು ಬೇಡ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ಮಾಡಿದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಹೀಗೆ ವರ್ಷ ವರ್ಷ ಪರೀಕ್ಷೆ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ.

ಕಾಯುವುದು ಮತ್ತು ಆಪರೇಷನ್

ಈಗ ಮುಖ್ಯ ಪ್ರಶ್ನೆ. ಒಂದೇ ಕಡೆ, ಒಂದೇ ಚೀಲ, 5 ಸೆಂ.ಮೀ.ಗಿಂತ ಚಿಕ್ಕದು, ಸಿಎ-125 ನಾರ್ಮಲ್, ಅಮ್ಮನಿಗೆ ಏನೂ ತೊಂದರೆ ಇಲ್ಲ. ಇಷ್ಟೂ ಸೇರಿದರೆ ಕಾಯುವುದೇ ಸರಿ. ರಾಯಲ್ ಕಾಲೇಜಿನ ಪದ್ಧತಿಯಲ್ಲಿ 4ರಿಂದ 6 ತಿಂಗಳಿಗೆ ಮತ್ತೆ ಸ್ಕ್ಯಾನ್ ಮತ್ತು ಸಿಎ-125. ಒಂದು ವರ್ಷ ಹಾಗೇ ಇದ್ದರೆ ಅಥವಾ ಚಿಕ್ಕದಾಗಿದ್ದರೆ ಅಲ್ಲಿಗೆ ಮುಗಿಯಿತು, ಪದೇ ಪದೇ ಸ್ಕ್ಯಾನ್ ಬೇಡ.

ಕಾಯುವುದಕ್ಕೆ ಆಧಾರ ಇದೆ. ಅಮೆರಿಕದ ಕೆಂಟಕಿಯಲ್ಲಿ 50 ದಾಟಿದ 15,106 ಹೆಂಗಸರನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡುತ್ತಾ ಬಂದರು. ಅವರಲ್ಲಿ 2,763 ಜನರಿಗೆ 10 ಸೆಂ.ಮೀ. ಒಳಗಿನ ಒಂದೇ ಕೋಣೆಯ ಸಿಸ್ಟ್ ಕಂಡಿತು. ಅಂಥ ಸಿಸ್ಟ್‌ಗಳಲ್ಲಿ ನೂರಕ್ಕೆ 69ರಷ್ಟು ತಾವಾಗಿಯೇ ಕರಗಿಹೋದವು. ಸಿಸ್ಟ್ ಯಾವ ಬದಲಾವಣೆಯೂ ಇಲ್ಲದೆ ಒಂಟಿಯಾಗಿ ಉಳಿದವರಲ್ಲಿ ಯಾರಿಗೂ ಅಂಡಾಶಯದ ಕ್ಯಾನ್ಸರ್ ಬರಲಿಲ್ಲ. 2003ರಲ್ಲಿ ಪ್ರಕಟವಾದ ಈ ಅಧ್ಯಯನ ಇನ್ನೊಂದು ಪಾಠವನ್ನೂ ಕೊಡುತ್ತದೆ. ಕ್ಯಾನ್ಸರ್ ಆದ ಹತ್ತು ಜನರಲ್ಲಿ ಆಮೇಲೆ ಬೇರೆ ಬದಲಾವಣೆ ಕಂಡಿತ್ತು, ಅಥವಾ ಮೊದಲ ಸಿಸ್ಟ್ ಕರಗಿಹೋಗಿ ಬಳಿಕ ಕ್ಯಾನ್ಸರ್ ಬಂದಿತ್ತು, ಅಥವಾ ಇನ್ನೊಂದು ಕಡೆಯ ಅಂಡಾಶಯದಲ್ಲಿ ಬಂದಿತ್ತು. ಹಾಗಾಗಿ ಕಾಯುವುದು ಅಂದರೆ ಮರೆತುಬಿಡುವುದಲ್ಲ. ಮುಂದಿನ ಸ್ಕ್ಯಾನ್‌ನ ತಾರೀಖು ಕ್ಯಾಲೆಂಡರಿನಲ್ಲಿ ಬರೆದಿರಬೇಕು, ಆದಷ್ಟು ಅದೇ ಸೆಂಟರಿನಲ್ಲಿ ಮಾಡಿಸಬೇಕು, ಹಳೆಯ ಚಿತ್ರಗಳನ್ನು ಜೊತೆಗೆ ಒಯ್ಯಬೇಕು.

‘ತೆಗೆಸಿಬಿಟ್ಟರೆ ತಲೆನೋವೇ ಇಲ್ಲವಲ್ಲ’ ಅನ್ನುವವರಿಗೆ ಇನ್ನೊಂದು ಲೆಕ್ಕ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಪರೀಕ್ಷೆಯಲ್ಲಿ ಅನುಮಾನ ಬಂದು, ಕೊನೆಗೆ ಕ್ಯಾನ್ಸರ್ ಇಲ್ಲ ಅಂತ ಆದವರು 3,285 ಜನ. ಅವರಲ್ಲಿ 1,080 ಜನರಿಗೆ ಆಪರೇಷನ್ ಆಗಿಹೋಗಿತ್ತು. ಆಪರೇಷನ್ ಆದವರಲ್ಲಿ ನೂರಕ್ಕೆ 15 ಜನರಿಗೆ ಗಂಭೀರ ತೊಂದರೆ ಆಯಿತು. ಸಕ್ಕರೆ ಕಾಯಿಲೆ, ಬಿ.ಪಿ., ರಕ್ತ ತೆಳುವಾಗಿಸುವ ಮಾತ್ರೆ, ಹಳೆಯ ಸಿಸೇರಿಯನ್‌ನಿಂದ ಒಳಗೆ ಅಂಟಿಕೊಂಡ ಕರುಳು, ಇವೆಲ್ಲ ನಮ್ಮ ಅಮ್ಮಂದಿರಲ್ಲಿ ಸಾಮಾನ್ಯ. ಬೇಡದ ಆಪರೇಷನ್‌ಗೆ ಬೆಲೆ ಇದೆ, ಅದನ್ನು ಕಟ್ಟುವುದು ಅವರ ದೇಹ.

ಆಪರೇಷನ್ ಯಾವಾಗ ಸರಿ? ನೋವು ಕೊಡುತ್ತಿದ್ದರೆ, 5 ಸೆಂ.ಮೀ. ದಾಟಿದ್ದರೆ, ಒಳಗೆ ಕೋಣೆ ಅಥವಾ ಗಟ್ಟಿ ಭಾಗ ಇದ್ದರೆ, ಕಾಯುವಾಗ ಬೆಳೆಯುತ್ತಿದ್ದರೆ, ಸಿಎ-125 ಪರೀಕ್ಷೆಯಿಂದ ಪರೀಕ್ಷೆಗೆ ಏರುತ್ತಿದ್ದರೆ. ದೊಡ್ಡ ಸಿಂಪಲ್ ಸಿಸ್ಟ್ ವಿಷಯದಲ್ಲಿ ಡಾಕ್ಟರುಗಳ ನಡುವೆಯೇ ಭಿನ್ನ ಅಭಿಪ್ರಾಯ ಇದೆ. 6 ಸೆಂ.ಮೀ. ಇದ್ದು ಬರೀ ನೀರು ಮಾತ್ರ ಅಂತ ಇದ್ದರೆ, ಅಮ್ಮನ ಹೃದಯ ಆಪರೇಷನ್ ತಡೆಯದು ಅಂತ ಇದ್ದರೆ, ಕಾಯುವುದನ್ನು ಕೇಳುವ ಹಕ್ಕು ನಿಮಗಿದೆ.

ಒಂದಕ್ಕೆ ಮಾತ್ರ ಒಪ್ಪಬೇಡಿ. ‘ಸೂಜಿ ಹಾಕಿ ನೀರು ತೆಗೆದುಬಿಡೋಣ’ ಅನ್ನುವುದು. ಮುಟ್ಟು ನಿಂತವರಲ್ಲಿ ಇದನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ನೀರು ಮತ್ತೆ ತುಂಬಿಕೊಳ್ಳುತ್ತದೆ. ಆ ನೀರಿನ ಪರೀಕ್ಷೆ ಕ್ಯಾನ್ಸರ್ ಇಲ್ಲ ಅಂತ ಖಚಿತವಾಗಿ ಹೇಳಲಾರದು. ಅಕಸ್ಮಾತ್ ಕ್ಯಾನ್ಸರ್ ಇದ್ದರೆ ಚೀಲ ಒಡೆದು ಹೊಟ್ಟೆಯೊಳಗೆ ಚೆಲ್ಲಿದ ಹಾಗಾಗುತ್ತದೆ. ಹಾಗೆಯೇ ಗಂಟು ಕರಗಿಸುವ ಪುಡಿ, ಕಷಾಯ ಅಂತ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಸಿಂಪಲ್ ಸಿಸ್ಟ್ ತಾನಾಗಿಯೇ ಕರಗುವುದೇ ಜಾಸ್ತಿ, ಹೆಸರು ಮಾತ್ರ ಕಷಾಯಕ್ಕೆ ಹೋಗುತ್ತದೆ. ಗಟ್ಟಿ ಗಂಟಿಗೆ ಅದನ್ನೇ ನಂಬಿ ಕೂತರೆ ಕಳೆದುಕೊಳ್ಳುವುದು ಕಾಲವನ್ನು.

ಏನನ್ನು ತೆಗೆಯುವುದು, ಹೇಗೆ ತೆಗೆಯುವುದು

ಚಿಕ್ಕ ವಯಸ್ಸಿನವರಿಗೆ ಸಿಸ್ಟ್ ಮಾತ್ರ ಬಿಡಿಸಿ ಅಂಡಾಶಯ ಉಳಿಸುತ್ತಾರೆ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಎರಡೂ ಅಂಡಾಶಯ, ಎರಡೂ ಅಂಡನಾಳಗಳನ್ನು ಇಡಿಯಾಗಿ ತೆಗೆಯುತ್ತಾರೆ. ಸಿಸ್ಟ್ ಒಡೆಯದೆ ಚೀಲದಲ್ಲಿಟ್ಟು ಹೊರಗೆ ತರುವುದು ಸರಿಯಾದ ಕ್ರಮ. ‘ಎಂಡೋಬ್ಯಾಗ್ ಬಳಸುತ್ತೀರಾ?’ ಅಂತ ಕೇಳಬಹುದು, ತಪ್ಪಿಲ್ಲ.

ಗರ್ಭಕೋಶದ ಮಾತು ಬೇರೆ. ಅಂಡಾಶಯದ ಸಾಧಾರಣ ಸಿಸ್ಟ್‌ಗೆ ಗರ್ಭಕೋಶವನ್ನೂ ತೆಗೆಯಲೇಬೇಕು ಅಂತ ನಿಯಮವಿಲ್ಲ. ಗರ್ಭಕೋಶ ಜಾರಿದ್ದರೆ, ಒಳಪದರ ದಪ್ಪಗಿದ್ದು ಬಯಾಪ್ಸಿಯಲ್ಲಿ ತೊಂದರೆ ಕಂಡಿದ್ದರೆ, ಕ್ಯಾನ್ಸರ್ ಅನುಮಾನ ಇದ್ದರೆ ಅದಕ್ಕೆ ಕಾರಣ ಇದೆ. ‘ಹೇಗೂ ಕೆಲಸಕ್ಕೆ ಬರಲ್ಲ, ತೆಗೆದುಬಿಡೋಣ’ ಅನ್ನುವುದು ಕಾರಣ ಅಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಖಾಸಗಿ ಆಸ್ಪತ್ರೆಗಳು ಬೇಕಾಬಿಟ್ಟಿ ಗರ್ಭಕೋಶ ತೆಗೆದ ವಿಷಯಕ್ಕೆ ಹೆಂಗಸರು ಬೀದಿಗಿಳಿದು ಹೋರಾಡಿದ್ದು ನೆನಪಿರಬಹುದು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅನಗತ್ಯ ಗರ್ಭಕೋಶ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಆದ್ದರಿಂದ ಯಾಕೆ ಅಂತ ಕೇಳುವುದು ಉದ್ಧಟತನ ಅಲ್ಲ. ಕಾರಣವನ್ನು ಬರೆದು ಕೊಡಿ ಅಂತಲೂ ಕೇಳಬಹುದು.

ಲ್ಯಾಪ್ರೋಸ್ಕೋಪಿಯೋ, ಹೊಟ್ಟೆ ಕೊಯ್ದು ಮಾಡುವುದೋ? ಅನುಮಾನ ಕಡಿಮೆ ಇದ್ದರೆ ಸಣ್ಣ ತೂತುಗಳಿಂದ ಮಾಡುವ ಲ್ಯಾಪ್ರೋಸ್ಕೋಪಿ ಒಳ್ಳೆಯದು. ನೋವು ಕಡಿಮೆ, ಒಂದೆರಡು ದಿನದಲ್ಲಿ ಮನೆ. ಕ್ಯಾನ್ಸರ್ ಅನುಮಾನ ಬಲವಾಗಿದ್ದರೆ ದೊಡ್ಡ ಗಾಯಕ್ಕೆ ಹೆದರಬೇಡಿ. ಅಲ್ಲಿ ಹೊಟ್ಟೆಯನ್ನೆಲ್ಲ ನೋಡಿ, ತುಣುಕು ತೆಗೆದು, ಎಲ್ಲಿಯವರೆಗೆ ಹೋಗಿದೆ ಅಂತ ಮೊದಲ ಸಲವೇ ಸರಿಯಾಗಿ ತಿಳಿಯಬೇಕು. ಸಣ್ಣ ಗಾಯದ ಆಸೆಗೆ ಅದನ್ನು ಬಿಡುವುದು ನಷ್ಟ.

ಅಮ್ಮನ ಪ್ರಶ್ನೆ ಇದಾವುದೂ ಆಗಿರಲಿಲ್ಲ. ಡಾಕ್ಟರ್ ಎಲ್ಲ ವಿವರಿಸಿ ಮುಗಿಸಿದ ಮೇಲೆ ಅವರು ಕೇಳಿದ್ದು, ‘ಇವರಿಗೆ ಬೆಳಿಗ್ಗೆ ಸಂಜೆ ಇನ್ಸುಲಿನ್ ನಾನೇ ಚುಚ್ಚೋದು. ಎಷ್ಟು ದಿನ ಏಳೋಕಾಗಲ್ಲ?’ ಅಂತ. ಆ ಮಾತು ಕೇಳಿದ ಮೇಲೇ ಗೊತ್ತಾಯಿತು, ಅವರ ತೀರ್ಮಾನ ಯಾವುದರ ಮೇಲೆ ನಿಂತಿದೆ ಅಂತ. ಅಪ್ಪನ ಇನ್ಸುಲಿನ್‌ಗೆ ಒಂದು ದಾರಿ ಮಾಡದೆ ಅವರು ಯಾವ ಆಪರೇಷನ್‌ಗೂ ಮನಸ್ಸಿಟ್ಟು ಒಪ್ಪುತ್ತಿರಲಿಲ್ಲ. ನಿಮ್ಮ ಅಮ್ಮನಿಗೂ ಇಂಥದ್ದೊಂದು ಇರುತ್ತದೆ. ಮೊಮ್ಮಗುವಿನ ಶಾಲೆಯೋ, ಹಸುವಿನ ಹಾಲೋ, ಮನೆಯಲ್ಲಿರುವ ವಯಸ್ಸಾದ ಅತ್ತೆಯೋ. ಅದನ್ನು ಮೊದಲು ಕೇಳಿ ತಿಳಿದುಕೊಳ್ಳಿ.

ಯಾರ ಹತ್ತಿರ, ಯಾವ ಆಸ್ಪತ್ರೆ

ಸಿಂಪಲ್ ಸಿಸ್ಟ್ ನೋಡಿಕೊಳ್ಳಲು ನಿಮ್ಮೂರಿನ ಒಳ್ಳೆಯ ಲೇಡಿ ಡಾಕ್ಟರ್ ಸಾಕು. ಆರ್‌ಎಂಐ 200 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಓ-ರಾಡ್ಸ್ 5 ಇದ್ದರೆ, ಹೊಟ್ಟೆಯಲ್ಲಿ ನೀರಿದ್ದರೆ ಗೈನಿಕ್ ಆಂಕಾಲಜಿಸ್ಟ್, ಅಂದರೆ ಅಂಡಾಶಯ, ಗರ್ಭಕೋಶದ ಕ್ಯಾನ್ಸರ್ ತಜ್ಞರ ಹತ್ತಿರವೇ ಹೋಗಬೇಕು. ಓ-ರಾಡ್ಸ್ 4 ಆದರೆ ಕನಿಷ್ಠ ಅವರ ಅಭಿಪ್ರಾಯ ಬೇಕು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಅರ್ಧ ಆಪರೇಷನ್ ಆಗಿ, ಆಮೇಲೆ ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಅಂತ ಬಂದು, ಮತ್ತೆ ಹೊಟ್ಟೆ ಕೊಯ್ಯುವುದು ಯಾವ ಅಮ್ಮನಿಗೂ ಬೇಡ. ಆಪರೇಷನ್ ನಡೆಯುವಾಗಲೇ ತುಣುಕನ್ನು ಪರೀಕ್ಷಿಸುವ ಫ್ರೋಜನ್ ಸೆಕ್ಷನ್ ಸೌಲಭ್ಯ ಅಲ್ಲಿದೆಯಾ ಅಂತ ಕೇಳಿ. ಅನುಮಾನದ ಕೇಸಿನಲ್ಲಿ ಆಸ್ಪತ್ರೆ ಆರಿಸಲು ಈ ಒಂದು ಪ್ರಶ್ನೆ ಬಹಳ ಸಹಾಯ ಮಾಡುತ್ತದೆ.

ಬೆಂಗಳೂರಿನಲ್ಲಿ ಕಿದ್ವಾಯಿ 1973ರಿಂದ ಇದೆ. ಕಲಬುರಗಿಯಲ್ಲಿ ಅದರ ಕೇಂದ್ರವಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಕ್ಯಾನ್ಸರ್ ಅನುಮಾನ ಇಲ್ಲದ ಆಪರೇಷನ್‌ಗೆ ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಶನ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಅನುಭವಿ ಡಾಕ್ಟರುಗಳಿದ್ದಾರೆ. ಅಲ್ಲಿ ಕಷ್ಟ ಏನೆಂದರೆ ಸಾಲು, ಕಾಯುವುದು, ಜೊತೆಗೆ ಒಬ್ಬರು ಇಡೀ ದಿನ ಇರಬೇಕಾಗುವುದು. ಖಾಸಗಿಯಲ್ಲಿ ಬೇಗ ಆಗುತ್ತದೆ, ಆದರೆ ಬೇಡದ್ದೂ ಬೇಗ ಆಗಿಬಿಡಬಹುದು. ಸಿಂಪಲ್ ಸಿಸ್ಟ್‌ಗೆ ‘ಇವತ್ತೇ ಅಡ್ಮಿಟ್ ಆಗಿ’ ಅಂದರೆ ಫೈಲ್ ತೆಗೆದುಕೊಂಡು ಇನ್ನೊಬ್ಬರ ಅಭಿಪ್ರಾಯ ಕೇಳಿ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ನೇರವಾಗಿ ಖಾಸಗಿಗೆ ಹೋಗಿ ಆಮೇಲೆ ಪತ್ರ ಕೇಳಿದರೆ ಕಷ್ಟ. ಖಾಸಗಿ ಇನ್ಶೂರೆನ್ಸ್ ಇದ್ದರೆ ಪಾಲಿಸಿ ತೆಗೆದು ಓದಿ. ಸಿಸ್ಟ್ ಮತ್ತು ಗರ್ಭಕೋಶದ ಆಪರೇಷನ್‌ಗೆ ಎರಡು ವರ್ಷ ಕಾಯಬೇಕು ಅನ್ನುವ ಷರತ್ತು ಅನೇಕ ಪಾಲಿಸಿಗಳಲ್ಲಿದೆ.

ಸಿಸ್ಟ್ ಪಕ್ಕದ ಬೇರೆ ತೊಂದರೆಗಳು

ಸಿಸ್ಟ್ ನೆಪದಲ್ಲಿ ಡಾಕ್ಟರ್ ಹತ್ತಿರ ಹೋದಾಗ ಅಮ್ಮ ವರ್ಷಗಟ್ಟಲೆ ನುಂಗಿಕೊಂಡಿದ್ದನ್ನೂ ಹೇಳಲಿ. ಮುಟ್ಟು ನಿಂತು ಒಂದು ವರ್ಷದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ತಪಾಸಣೆಯ ವಿಷಯ. ಹೆಚ್ಚಿನ ಸಲ ಒಣಗಿದ್ದರಿಂದಲೋ ಪಾಲಿಪ್ ಅನ್ನುವ ಸಣ್ಣ ಮಾಂಸದ ಗಂಟಿನಿಂದಲೋ ಇರುತ್ತದೆ, ಆದರೂ ಗರ್ಭಕೋಶದ ಒಳಪದರದ ಕ್ಯಾನ್ಸರ್ ಮೊದಲು ಹೇಳಿಕೊಳ್ಳುವುದು ಹೀಗೇ. ಟಿವಿಎಸ್‌ನಲ್ಲಿ ಒಳಪದರ 4 ಎಂ.ಎಂ. ಅಥವಾ ಕಡಿಮೆ ಇದ್ದರೆ ಅಪಾಯ ಬಹಳ ಕಡಿಮೆ. ದಪ್ಪ ಇದ್ದರೆ ಅಥವಾ ರಕ್ತ ಮತ್ತೆ ಬಂದರೆ ಬಯಾಪ್ಸಿ.

ಕೆಮ್ಮಿದರೆ ಮೂತ್ರ ಹೋಗುವುದು, ಗರ್ಭಕೋಶ ಜಾರುವುದು, ಪದೇ ಪದೇ ಉರಿಮೂತ್ರ, ಇವಕ್ಕೆಲ್ಲ ಆಪರೇಷನ್ ಒಂದೇ ದಾರಿಯಲ್ಲ. ಕೆಳಭಾಗದ ಸ್ನಾಯುವಿನ ವ್ಯಾಯಾಮ ಇದೆ. ಜಾರಿದ ಗರ್ಭಕೋಶವನ್ನು ತಡೆದು ಹಿಡಿಯುವ ಪೆಸರಿ ಅನ್ನುವ ರಬ್ಬರಿನಂಥ ಬಳೆ ಇದೆ. ಒಣಗುವುದಕ್ಕೆ ಮತ್ತು ಉರಿಮೂತ್ರಕ್ಕೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ಸ್ತನ ಕ್ಯಾನ್ಸರ್ ಆದವರು ಮಾತ್ರ ಈ ಕ್ರೀಮನ್ನು ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಬಳಸಬಾರದು.

ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಕ್ಕಳು ರಿಪೋರ್ಟ್‌ನ ಫೋಟೋ ನೋಡಿ ಅಲ್ಲಿಂದಲೇ ತೀರ್ಮಾನ ಹೇಳುವುದುಂಟು. ಪ್ರೀತಿಯಿಂದಲೇ ಹೇಳುತ್ತಾರೆ. ಅಮ್ಮ ಡಾಕ್ಟರ್ ಮುಂದೆ ಕೂತಿರುವಾಗ ಅವರೂ ವಿಡಿಯೋ ಕಾಲ್‌ನಲ್ಲಿ ಇದ್ದು ಕೇಳಿಸಿಕೊಂಡರೆ ಒಳ್ಳೆಯದು. ಒಬ್ಬರೇ ಫೈಲ್ ನೋಡಿಕೊಳ್ಳಲಿ, ತಾರೀಖು ಒಬ್ಬರೇ ನೆನಪಿಡಲಿ. ಕಾಯುವ ಅವಧಿಯಲ್ಲಿ ಅಮ್ಮನಿಗೆ ಇದ್ದಕ್ಕಿದ್ದಂತೆ ಕೆಳಹೊಟ್ಟೆಯ ಒಂದು ಪಕ್ಕ ತಡೆಯಲಾರದ ನೋವು ಬಂದು, ಜೊತೆಗೆ ವಾಂತಿಯೂ ಆದರೆ, ಸಿಸ್ಟ್ ಇರುವ ಅಂಡಾಶಯ ತಿರುಚಿಕೊಂಡಿರಬಹುದು. ಸಿಂಪಲ್ ಸಿಸ್ಟ್‌ನಲ್ಲೂ ಹೀಗಾಗುವುದುಂಟು. ನೋವಿನ ಮಾತ್ರೆ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯಾದರೂ ಸರಿ, ಸ್ಕ್ಯಾನಿಂಗ್ ಮತ್ತು ಆಪರೇಷನ್ ಎರಡೂ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಎಡಗಡೆಯೋ ಬಲಗಡೆಯೋ ಸಿಸ್ಟ್ ಇರುವುದನ್ನು ಬಾಗಿಲಲ್ಲೇ ಹೇಳಿ.